ಕಾಪು ಕಟ್ಟಿದ ವಾರದ ಬಾಟಲಿಗಳು

ನಿಂಬೆಕಾಯಿ ಉಪ್ಪಿನಕಾಯಿ ಹಾಕೋಣವೆಂದು ಗಾಜಿನ ಬಾಟಲಿಗಳನ್ನು ಕುದಿಯುವ ನೀರಿನಲ್ಲಿ ಅದ್ದಿ ಅದ್ದಿ ತೆಗೆಯುತ್ತಿದ್ದೆ. ಆರು ಬಾಟಲಿ. ಒಂದೊಂದನ್ನೇ ಬಟ್ಟೆಯ ಮೇಲೆ ಬೋರಲು ಹಾಕುವಾಗ ಒಳಗಿನಿಂದ ಬಿಸಿ ಗಾಜಿನ ವಾಸನೆ ಬಂತು. ಬಿಸಿ ಗಾಜಿಗೆ ಎಂಥ ವಾಸನೆ ಎಂದು ನೀವು ಕೇಳಬಹುದು. ಇದೆ. ತೊಳೆದು ಬೇಯಿಸಿದವರಿಗೆ ಗೊತ್ತು. ನಾಲ್ಕನೆಯದನ್ನು ಇಡುವಷ್ಟರಲ್ಲಿ ಫೋನು ಬಂತು. ಮೊದಲು ನಮ್ಮ ಕಡೆಯ ಆರೋಗ್ಯ ಕೇಂದ್ರದಲ್ಲಿದ್ದ ಸಿಸ್ಟರ್. ಈಗ ಅವರು ನಿವೃತ್ತಿಯಾಗಿ ಗೂಡಲೂರಿನಲ್ಲಿ ಮಗಳ ಮನೆಯಲ್ಲಿದ್ದಾರೆ.

"ಡಾಕ್ಟರಮ್ಮ ಹೋಗ್ಬುಟ್ರಂತೆ ಕಣಕ್ಕ" ಅಂದರು. "ನೆನ್ನೆ, ಮೈಸೂರಲ್ಲಿ. ಮಲಗಿದ್ದೋರು ಏಳ್ನೇ ಇಲ್ವಂತೆ."

ನರಳದೆ ಹೋದರು, ಅದೊಂದು ದೇವರ ದಯೆ. ಮೊದಲು ಅದನ್ನೇ ಎಣಿಸಿದೆ. ಆಮೇಲೆ ಕುಕ್ಕುರುಗಾಲಿನಲ್ಲಿ ಕುಳಿತಿದ್ದವಳು ನೆಲಕ್ಕೇ ಕುಳಿತೆ.

ಅವರನ್ನು ಮೊದಲು ನೋಡಿದ್ದು ನಮ್ಮ ಅಂಗಡಿಯಲ್ಲಿ, ತೊಂಬತ್ತರ ದಶಕದ ನಡುವಿನಲ್ಲಿ. ಗೂಡಲೂರಿನಿಂದ ಊಟಿಗೆ ಹತ್ತುವ ರಸ್ತೆಯಲ್ಲಿ, ಒಂದು ಟೀ ಎಸ್ಟೇಟಿನ ಕೂಲಿಯವರು ಸಾಲಾಗಿ ಇರುವ ಲೈನ್ ಮನೆಗಳ ಎದುರಿಗೆ ನಮ್ಮದು ಚಿಕ್ಕ ದಿನಸಿ ಅಂಗಡಿ. ನನ್ನ ಯಜಮಾನರು ಗುಂಡ್ಲುಪೇಟೆ ಕಡೆಯವರು, ಘಟ್ಟ ಹತ್ತಿ ಬಂದು ಅಂಗಡಿ ಹಾಕಿದವರು. ಅಂಗಡಿಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಇತ್ತು. ಅದರಲ್ಲಿ ಬಿಸ್ಕತ್ತಲ್ಲ, ಮೈಕೈ ನೋವಿನ ಮಾತ್ರೆ. ದಿನವಿಡೀ ಬೆನ್ನಿನ ಮೇಲೆ ಟೀ ಎಲೆ ಹೊತ್ತ ಹೆಂಗಸರು ಸಂಜೆ ಬಂದು ಎರಡು ಮಾತ್ರೆ, ಒಂದು ಹಿಡಿ ಎಲೆಅಡಿಕೆ ತೆಗೆದುಕೊಂಡು ಹೋಗುತ್ತಿದ್ದರು. ಅದರಿಂದ ಯಾರಿಗಾದರೂ ಕೆಡುಕಾಗುತ್ತದೆ ಎಂದು ನಮಗೆ ಗೊತ್ತಿರಲಿಲ್ಲ.

ಬಸ್ಸಿನಿಂದ ಒಬ್ಬರು ಇಳಿದರು. ನಲವತ್ತು ದಾಟಿದ ಹೆಂಗಸು, ಕಾಟನ್ ಸೀರೆ, ಕಾಲಿಗೆ ಗಂಡಸರ ಕ್ಯಾನ್ವಾಸ್ ಶೂ. ನೇರ ಬಂದು ವಾರಕ್ಕೆ ಎಷ್ಟು ನೋವಿನ ಮಾತ್ರೆ ಮಾರುತ್ತೀರಿ ಎಂದು ಮುರುಕು ತಮಿಳಿನಲ್ಲಿ ಕೇಳಿದರು. ಸರಕಾರದವರೆಂದು ಹೆದರಿ ಯಜಮಾನರು ಡಬ್ಬಿಯನ್ನು ಕಾಲಿನಿಂದಲೇ ಒಳಕ್ಕೆ ತಳ್ಳಿದರು. ತಳ್ಳುತ್ತಾ ನನಗೆ ಕನ್ನಡದಲ್ಲಿ, ಇಲ್ಲ ಅಂತ ಹೇಳು ಅಂದರು. ಆಕೆಗೆ ನಗು ತಡೆಯಲಾಗಲಿಲ್ಲ. "ಇಲ್ಲ ಅಂತ ಹೇಳಿಬಿಡಮ್ಮ, ನಂಗೂ ಕನ್ನಡವೇ ಸುಲಭ" ಅಂದರು.

ಹೀಗೆ ಶುರುವಾಯಿತು.

ಅವರು ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಕಿಡ್ನಿ ಡಾಕ್ಟರು. ಕಿಡ್ನಿ ಕೆಟ್ಟು ರಕ್ತ ತೊಳೆಯುವ ಮೆಷಿನ್ನಿಗೆ ಬರುವವರಲ್ಲಿ ನಮ್ಮ ಬೆಟ್ಟದ ಕಡೆಯ ಹೆಂಗಸರು ಯಾವಾಗಲೂ ತೀರಾ ಕೊನೆಗೆ ಬರುತ್ತಿದ್ದರಂತೆ. ಏನೂ ಮಾಡಲಾಗದ ಹೊತ್ತಿಗೆ. ಸಕ್ಕರೆ ಕಾಯಿಲೆ ಇಲ್ಲ, ವಯಸ್ಸೂ ಆಗಿಲ್ಲ. ಅವರ ಮೇಲಿನ ದೊಡ್ಡ ಡಾಕ್ಟರು, ಕಾರಣ ಗೊತ್ತಿಲ್ಲ ಎಂದು ಬರೆದು ಮುಂದಿನ ರೋಗಿ ನೋಡಿ ಅಂದರಂತೆ. ಇವರಿಗೆ ಆ 'ಗೊತ್ತಿಲ್ಲ' ಅನ್ನುವುದೇ ಗಂಟಲಲ್ಲಿ ಸಿಕ್ಕಿಕೊಂಡಿತು. ಗೊತ್ತಿಲ್ಲದಿದ್ದರೆ ಹೋಗಿ ಕೇಳಬೇಕು ತಾನೇ ಎಂದು, ಬಂಡೀಪುರದ ಕಾಡು ದಾಟಿ, ಬಸ್ಸು ಹಿಡಿದು ಬಂದಿದ್ದರು. ಆಮೇಲೆ ಎಷ್ಟೋ ವರ್ಷ ತಿಂಗಳಿಗೆರಡು ಶನಿವಾರ ಬರುತ್ತಲೇ ಇದ್ದರು.

ಲೈನಿನ ಹೆಂಗಸರದು ತಮಿಳು. ನನಗೆ ಎರಡೂ ಬರುತ್ತಿತ್ತು. ನಾನು ಮನೆಯಲ್ಲಿರುವವಳು, ಸ್ನಾನ, ಪೂಜೆ, ಅಡುಗೆ ಇಷ್ಟೇ ನನ್ನ ಪ್ರಪಂಚ. ಅವರ ಜೊತೆ ಮನೆಮನೆಗೆ ಹೋಗಿ ಮಾತು ದಾಟಿಸುವುದು ನನ್ನ ಪಾಲಿಗೆ ಬಂತು. ಯಜಮಾನರು ಬೇಡ ಅನ್ನಲಿಲ್ಲ. ಆ ಮಾತ್ರೆ ಕಿಡ್ನಿಗೆ ಒಳ್ಳೆಯದಲ್ಲವೆಂದು ಅವರು ಹೇಳಿದ ಮೇಲೆ ಡಬ್ಬಿ ಖಾಲಿಯಾಗಿ ಅದರಲ್ಲಿ ನಿಜವಾದ ಬಿಸ್ಕತ್ತು ಬಂತು. ಅದೂ ಒಂದು ದಯೆಯೇ.

ನನ್ನ ಸ್ವಂತ ತಂಗಿ ಅದೇ ಲೈನಿನಲ್ಲಿದ್ದಳು. ಅವಳ ಗಂಡ ಎಸ್ಟೇಟಿನ ಫ್ಯಾಕ್ಟರಿಯಲ್ಲಿ, ಅವಳು ತೋಟದಲ್ಲಿ ಎಲೆ ಕೀಳುವವಳು. ಎರಡು ಪುಟ್ಟ ಹೆಣ್ಣುಮಕ್ಕಳು. ಆ ವರ್ಷ ಬೆಳಿಗ್ಗೆ ಎದ್ದರೆ ಅವಳ ಮುಖ ಊದಿಕೊಂಡಿರುತ್ತಿತ್ತು. ಸಂಜೆಯಾದರೆ ಕಾಲು. ಒಳ್ಳೆ ತಿಂದುಂಡು ಮೈ ಬಂದಿದೆ ಎಂದು ಅವಳೇ ತಮಾಷೆ ಮಾಡುತ್ತಿದ್ದಳು.

ಡಾಕ್ಟರಮ್ಮ ಮೊದಲ ಸುತ್ತಿನ ಪರೀಕ್ಷೆಗೆಂದು ಬಾಟಲಿಗಳನ್ನು ತಂದರು. ಬಿಸಿನೀರಿನಲ್ಲಿ ಕುದಿಸಿದ ಗಾಜಿನ ಬಾಟಲಿ, ಮೇಲೆ ಪ್ಲಾಸ್ಟರ್ ಅಂಟಿಸಿ ನಂಬರು ಬರೆದದ್ದು. ಬೆಳಿಗ್ಗೆ ಎದ್ದ ಕೂಡಲೇ ಬರುವ ಮೊದಲ ಮೂತ್ರವನ್ನು ಅದರಲ್ಲಿ ಹಿಡಿದು ಕೊಡಬೇಕು, ಸಿಸ್ಟರ್ ಬಂದು ಐಸಿನ ಪೆಟ್ಟಿಗೆಯಲ್ಲಿ ತೆಗೆದುಕೊಂಡು ಹೋಗುತ್ತಾರೆ. ಎಲ್ಲವನ್ನೂ ನಾನೇ ತಮಿಳಿನಲ್ಲಿ ಹೇಳಿದೆ. ಎಲ್ಲರೂ ಆಗಲಿ ಅಂದರು. ಅಷ್ಟು ದೂರದಿಂದ ಬಂದವರಿಗೆ ಆಗಲ್ಲ ಎಂದು ಮುಖಕ್ಕೆ ಹೇಳುವ ಅಭ್ಯಾಸ ನಮ್ಮಲ್ಲಿಲ್ಲ.

ಆದರೆ ಆ ವಾರ ಬೊಕ್ಕಾಪುರದ ಮಾರಿಯಮ್ಮನಿಗೆ ಕಾಪು ಕಟ್ಟುವ ವಾರ. ಹರಕೆ ಹೊತ್ತವರು ಅರಿಸಿನದ ಕೊಂಬು ಕಟ್ಟಿದ ಹಳದಿ ದಾರವನ್ನು ಕೈಗೆ ಕಟ್ಟಿಸಿಕೊಂಡರೆ ಅದನ್ನು ಬಿಚ್ಚುವವರೆಗೂ ಮಡಿ. ಮಾಂಸವಿಲ್ಲ, ಸಾವಿನ ಮನೆಗೆ ಹೋಗುವಂತಿಲ್ಲ, ಹೊರಕಡೆಗೆ ಹೋಗಿ ಬಂದರೆ ತಲೆಗೆ ನೀರು ಹಾಕಿಕೊಳ್ಳಬೇಕು. ಒಂದೇ ಕೋಣೆಯ ಮನೆಯಲ್ಲಿ, ಅಮ್ಮನ ದೀಪ ಉರಿಯುವ ಕಡೆ, ಮೂತ್ರದ ಬಾಟಲಿ ಇಡುವುದೆಂದರೆ... ಅದನ್ನು ಬಾಯಲ್ಲಿ ಆಡುವುದಕ್ಕೂ ಅವರಿಗೆ ಹೆದರಿಕೆ.

ನಾನು ಆ ವರ್ಷ ಕಾಪು ಕಟ್ಟಿರಲಿಲ್ಲ. ಯಜಮಾನರ ದೊಡ್ಡಪ್ಪ ಊರಲ್ಲಿ ತೀರಿಕೊಂಡು ನಮಗೆ ಸೂತಕ. ದಾರ ಕಟ್ಟಿದವರು ನಮ್ಮ ಅಂಗಳಕ್ಕೂ ಬರುತ್ತಿರಲಿಲ್ಲ. ಸಂಜೆ ನನ್ನ ತಂಗಿ, ಅವಳ ಜೊತೆ ಮೂವರು ಹೆಂಗಸರು, ರಸ್ತೆಯ ಅಂಚಿನ ಕಲ್ಲಿನ ಮೇಲೆ ನಾಲ್ಕು ಖಾಲಿ ಬಾಟಲಿ ಇಟ್ಟು ಹಿಂದೆ ಸರಿದು ನಿಂತರು.

"ಅಕ್ಕ, ನಿಂಗೆ ಹೆಂಗೂ ಸೂತಕ" ಅಂದಳು ತಂಗಿ. "ಮೈಲಿಗೆ ಮೇಲೆ ಮೈಲಿಗೆ ಏನ್ ಬಂದದು? ಇವ್ನ ನೀನೇ ತುಂಬುಸ್ಬುಡು. ಉಚ್ಚೆ ಉಚ್ಚೆನೇ ತಾನೆ, ಅದ್ರಲ್ಲೇನ್ ಹೆಸ್ರು ಬರ್ದಿರ್ತದಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವರ ಹರಕೆ ಕೆಡದೆ ಉಳಿಯಿತು, ಡಾಕ್ಟರಮ್ಮನಿಗೂ ಬೇಸರವಾಗಲಿಲ್ಲ, ಪುಣ್ಯದ ಕೆಲಸವೇ ಮಾಡಿದೆ ಎಂದು ಬೆಳಿಗ್ಗೆ ನಾಲ್ಕೂ ಬಾಟಲಿಗಳನ್ನು ನಾನೇ ತುಂಬಿಸಿ ಸಿಸ್ಟರ್ ಕೈಗೆ ಕೊಟ್ಟೆ. ದೇವರಾಣೆ, ಇದರಲ್ಲಿ ಕೆಡುಕಿದೆ ಎಂದು ಒಂದು ಕ್ಷಣವೂ ಹೊಳೆಯಲಿಲ್ಲ.

ಎರಡು ವಾರದ ಮೇಲೆ ಡಾಕ್ಟರಮ್ಮ ಕಾಗದ ಹಿಡಿದುಕೊಂಡು ಬಂದರು. ತಂಗಿಯ ಮನೆಯ ಹೊಸ್ತಿಲಲ್ಲಿ ಕುಳಿತು, ಅವಳ ಮೊಣಕಾಲಿನ ಕೆಳಗೆ ಹೆಬ್ಬೆರಳಿನಿಂದ ಒತ್ತಿ ಹಿಡಿದು ಬಿಟ್ಟರು. ಗುಳಿ ಬಿತ್ತು. ಹಿಟ್ಟಿನಲ್ಲಿ ಬೆರಳಿಟ್ಟ ಹಾಗೆ ಗುಳಿ ಅಲ್ಲೇ ನಿಂತಿತ್ತು. ಕಾಗದ ನೋಡಿದರು, ಕಾಲು ನೋಡಿದರು, ಮತ್ತೆ ಕಾಗದ ನೋಡಿದರು.

"ಕಾಲು ಒಂದು ಹೇಳ್ತಿದೆ, ಕಾಗದ ಇನ್ನೊಂದು ಹೇಳ್ತಿದೆ. ಎರಡರಲ್ಲಿ ಯಾವುದೋ ಒಂದು ಸುಳ್ಳು" ಅಂದರು.

ತಂಗಿ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

ಆ ಸಂಜೆ ದೇವರ ಮುಂದೆ ಕೂತರೆ ಹಚ್ಚಿದ ದೀಪವನ್ನೇ ನೋಡಲಾಗಲಿಲ್ಲ. ನನ್ನ ತಂಗಿಯ ರೋಗವನ್ನು ನಾನೇ ಮುಚ್ಚಿಟ್ಟಿದ್ದೆ. ಅವಳ ಮಕ್ಕಳು ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದವು. ಆಡುವ ಸದ್ದು ಒಳಗೆ ಕೇಳುತ್ತಿತ್ತು...

ಡಾಕ್ಟರಮ್ಮ ಸಿಸ್ಟರ್ ಮನೆಯಲ್ಲಿ ಉಳಿದಿದ್ದರು. ಬೆಳಿಗ್ಗೆ ಮೈಸೂರಿನ ಬಸ್ಸು ಬರುವ ಮೊದಲೇ ನಾನು ಸ್ಟಾಪಿಗೆ ಓಡಿದೆ. ಮಂಜಿನಲ್ಲಿ ಮೋರಿಯ ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದರು.

"ಡಾಕ್ಟರಮ್ಮ, ಆ ನಾಕು ಬಾಟ್ಲೂ ನಂದೇ" ಅಂದೆ.

"ನಿಂದೇ ಅಂದ್ರೆ?"

"ಅವ್ರೆಲ್ಲ ಅಮ್ಮನಿಗೆ ಕಾಪು ಕಟ್ಟಿದ್ರು, ಮುಟ್ಟಂಗಿರ್ನಿಲ್ಲ. ನಂಗೆ ಸೂತಕ. ಅದ್ಕೇ ನಾನೇ ತುಂಬುಸ್ಬುಟ್ಟೆ."

ಬೈಯಲಿ ಎಂದು ಕಾದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನಿನ್ನ ಕಿಡ್ನಿ ತುಂಬ ಚೆನ್ನಾಗಿದೆ ಕಣಮ್ಮ. ನಾಲ್ಕು ಸಲ ಪರೀಕ್ಷೆ ಮಾಡಿದೀನಿ" ಅಂದರು.

ನನಗೆ ಅಳು ಬಂತು. ಬಸ್ಸೂ ಬಂತು. ಅವರು ಹತ್ತಲಿಲ್ಲ, ಕೈ ಆಡಿಸಿ ಕಳಿಸಿಬಿಟ್ಟರು.

"ತಪ್ಪು ನಿಂದಲ್ಲ ಅಂತ ಹೇಳಲ್ಲ, ನಿಂದೂ ಇದೆ" ಅಂದರು ಆಮೇಲೆ. "ಆದ್ರೆ ಮೊದಲ್ನೇದು ನಂದು. ಬಾಟ್ಲಿ ಕೊಟ್ಟೆ, ಮೂತ್ರ ಕೇಳಿದೆ. ಯಾವ ವಾರ ತರ್ಲಿ ಅಂತ ಒಂದು ಮಾತು ಕೇಳ್ಲಿಲ್ಲ ನೋಡು."

ಅಲ್ಲಿಂದ ನೇರ ತಂಗಿಯ ಮನೆಗೆ ಹೋದರು. ದಾರ ಬಿಚ್ಚಿಯಾಗಿತ್ತು. ಅವಳು ನಾಚಿಕೊಂಡರೂ ಬಿಡದೆ ಹೊಸ ಬಾಟಲಿ ಕೊಟ್ಟು, ಸಿಸ್ಟರ್ ಮನೆಯ ಬಚ್ಚಲಿಗೆ ಕರೆದುಕೊಂಡು ಹೋದರು. ಕಾಗದದ ಕಡ್ಡಿ ಅದ್ದಿ ನೋಡಿದರೆ ಅದರ ಬಣ್ಣ ಅಲ್ಲೇ ಕಡು ಹಸಿರಾಯಿತು. ಕಿಡ್ನಿ ಸೋರುತ್ತಿದೆ ಎಂದು ಅದರ ಅರ್ಥ.

ಉಳಿದ ಮೂವರದು ಚೆನ್ನಾಗಿತ್ತು. ಮಾರಿಯಮ್ಮ ದೊಡ್ಡವಳು.

ಅಷ್ಟಕ್ಕೇ ಮುಗಿಯಲಿಲ್ಲ. ಅದೇ ವಾರ ಬೇರೆ ಎರಡು ಲೈನುಗಳಲ್ಲೂ ಬಾಟಲಿ ಹಂಚಿದ್ದರು. ಅಲ್ಲಿ ಯಾರ ಬಾಟಲಿಯಲ್ಲಿ ಯಾರದಿತ್ತೋ ಬಲ್ಲವರಾರು? ಆ ಸುತ್ತನ್ನು ಪೂರ್ತಿ ಬಿಟ್ಟುಬಿಡಬೇಕಾಯಿತು. ನಮ್ಮ ಅಂಗಡಿಯಲ್ಲಿ ಎಸ್‌ಟಿಡಿ ಫೋನಿತ್ತು. ಅಲ್ಲಿಂದಲೇ ಅವರು ಮೈಸೂರಿನ ದೊಡ್ಡ ಡಾಕ್ಟರಿಗೆ ಮಾತಾಡಿದರು. ನಾನು ಅಕ್ಕಿ ಕೇರುತ್ತಾ ಪಕ್ಕದಲ್ಲೇ ಇದ್ದೆ. ಆ ಕಡೆಯವರು ಹೇಳಿದ್ದು ಕೇಳಲಿಲ್ಲ, ಇವರದಷ್ಟೇ ಕೇಳಿತು.

"ಇಲ್ಲ ಸಾರ್. ಹೆಚ್ಚಿನವರು ಆರೋಗ್ಯವಾಗಿದಾರೆ ಅಂತ ಬರೆದ್ರೆ ಎಲ್ಲರಿಗೂ ಸಂತೋಷ, ಗೊತ್ತು. ಸುಳ್ಳು ಅಂತ ಗೊತ್ತಾದ ಮೇಲೆ ನನ್ನ ಕೈಯಲ್ಲಿ ಬರೆಯೋಕಾಗಲ್ಲ... ವರ್ಷ ಹೋದ್ರೆ ಹೋಗ್ಲಿ... ದುಡ್ಡು ನಿಲ್ಲಿಸ್ತೀರಾ? ನಿಲ್ಸಿ ಸಾರ್. ಬಸ್ ಚಾರ್ಜು ನಾನೇ ಹಾಕ್ಕೋತೀನಿ."

ಫೋನು ಇಟ್ಟು, ಒಂದು ಬಿಸ್ಕತ್ತು ಕೊಡಮ್ಮ ಅಂದರು.

ಅಂದಿನಿಂದ ಅವರ ಕೆಲಸದ ರೀತಿಯೇ ಬದಲಾಯಿತು. ಪರೀಕ್ಷೆಯ ಅಂಕಿ ಬರೆಯುವ ಪುಸ್ತಕದಲ್ಲೇ ಕಾಪಿನ ವಾರ, ಉಪವಾಸದ ದಿನ, ಯಾರ ಮನೆಯಲ್ಲಿ ಸೂತಕ, ಯಾರ ಮನೆಯಲ್ಲಿ ಬಾಣಂತಿ, ಎಲ್ಲ ಬರೆದುಕೊಳ್ಳುತ್ತಿದ್ದರು. ದೇವರಿಗೆ ಕೈ ಮುಗಿದದ್ದನ್ನು ನಾನು ನೋಡಲಿಲ್ಲ. ಆದರೆ ಬಸ್ಸಿಳಿದ ಕೂಡಲೇ, ನಿಮ್ಮ ಮಾರಿಯಮ್ಮ ಈ ವಾರ ನಂಗೆ ಪರ್ಮಿಷನ್ ಕೊಡ್ತಾಳಾ ಎಂದು ಕೇಳಿಯೇ ಲೈನಿಗೆ ಹೋಗುತ್ತಿದ್ದರು.

ಕೇಳುವುದು ಶುರುವಾದ ಮೇಲೆ ಹೆಂಗಸರು ಹೇಳುವುದೂ ಶುರುವಾಯಿತು. ಬಾಟಲಿ ಹಿಡಿಯಲು ಜಾಗವೆಲ್ಲಿದೆ ಎಂದು ಒಬ್ಬಳು ಕೇಳಿದಳು. ಬೆಳಿಗ್ಗೆ ತೋಟಕ್ಕೆ ಹೋದರೆ ಸಂಜೆ ಎಲೆ ತೂಗುವವರೆಗೆ ಮರೆ ಅನ್ನುವುದೇ ಇಲ್ಲ. ಟೀ ಗಿಡ ಸೊಂಟದೆತ್ತರ. ಮೇಲಿನ ಪಾತಿಯಲ್ಲಿ ಕೆಲಸ ನೋಡುವ ಕಂಗಾಣಿ ನಿಂತಿರುತ್ತಾನೆ, ಕೆಳಗೆ ಕಾಡಿನಲ್ಲಿ ಕಾಟಿ, ಆನೆ. ಅದಕ್ಕೇ ಅವರು ನೀರು ಕುಡಿಯುತ್ತಿರಲಿಲ್ಲ. ಬೆಳಿಗ್ಗೆ ಒಂದು ಲೋಟ ಟೀ ಕುಡಿದರೆ ಮತ್ತೆ ಸಂಜೆಯೇ. ಮೈ ಸುಡುತ್ತದೆ, ಉರಿಮೂತ್ರ ಬರುತ್ತದೆ, ಸೊಂಟ ನೋಯುತ್ತದೆ, ಮಾತ್ರೆ ನುಂಗುತ್ತಾರೆ. ಮೊನ್ನೆಯವರೆಗೂ ನಾವೇ ಮಾರುತ್ತಿದ್ದ ಮಾತ್ರೆ.

ಇದೆಲ್ಲ ನನಗೆ ಮೊದಲೇ ಗೊತ್ತಿತ್ತು. ನಮ್ಮಲ್ಲಿ ಎಲ್ಲರಿಗೂ ಗೊತ್ತಿತ್ತು. ಅದು ಕಾಯಿಲೆಗೆ ಸೇರಿದ ಮಾತು ಎಂದು ಯಾರಿಗೂ ಅನ್ನಿಸಿರಲಿಲ್ಲ, ಅಷ್ಟೆ. ಡಾಕ್ಟರಮ್ಮ ಅದನ್ನೂ ಬರೆದುಕೊಂಡು, ತೋಟದಲ್ಲಿ ಮರೆ ಕಟ್ಟಲು ಜಾಗವೆಲ್ಲಿದೆ ಎಂದು ಕೇಳಿದರು.

ಮುಂದಿನ ಸಲ ಬರುವಾಗ ಟಾರ್ಪಾಲು ತಂದರು. ಎಲೆ ತೂಗುವ ಶೆಡ್ಡಿನ ಹಿಂದೆ ನಾವೇ ಬಿದಿರು ನೆಟ್ಟು, ಗುಂಡಿ ತೋಡಿ, ಟಾರ್ಪಾಲಿನಿಂದ ಮರೆ ಕಟ್ಟಿದೆವು. ಮೂರು ದಿನ ಇತ್ತು. ನಾಲ್ಕನೆಯ ದಿನ ಹೊರಗಿನಿಂದ ಯಾರೋ ದೊಡ್ಡವರು ತೋಟ ನೋಡಲು ಬರುತ್ತಾರೆ, ಅಸಹ್ಯವಾಗಿ ಕಾಣುತ್ತದೆ ಎಂದು ಮ್ಯಾನೇಜರು ಕೀಳಿಸಿದರು.

ಡಾಕ್ಟರಮ್ಮ ಆಗ ಊರಲ್ಲಿರಲಿಲ್ಲ. ಇದ್ದಿದ್ದರೆ ಅವರೇ ಜಗಳಕ್ಕೆ ನಿಲ್ಲುತ್ತಿದ್ದರು. ಇಲ್ಲದಿದ್ದದ್ದೇ ಒಳ್ಳೆಯದಾಯಿತೇನೋ. ಅಂದು ಸಂಜೆ ಹೆಂಗಸರು ಎಲೆ ತುಂಬಿದ ಚೀಲಗಳನ್ನು ತಕ್ಕಡಿಗೆ ಹಾಕಲಿಲ್ಲ. ಬೆನ್ನಿಗೆ ಕಟ್ಟಿಕೊಂಡೇ ಶೆಡ್ಡಿನ ಮುಂದೆ ಕೂತುಬಿಟ್ಟರು. ಯಾರೂ ಕೂಗಲಿಲ್ಲ. ಚೀಲದಲ್ಲಿ ಉಳಿದ ಎಲೆ ಬಿಸಿಯಾಗಿ ಕೆಂಪಾಗುತ್ತದೆ, ಆಮೇಲೆ ಫ್ಯಾಕ್ಟರಿಗೆ ಬೇಡ. ಅದು ಅವರಿಗೂ ಗೊತ್ತು, ಮ್ಯಾನೇಜರಿಗೂ ಗೊತ್ತು. ನಾನು ಒಲೆ ಆರಿಸಿ, ಸೆರಗು ಹೊದ್ದು, ತಂಗಿಯ ಪಕ್ಕ ಹೋಗಿ ಕೂತೆ. ನನ್ನ ಬೆನ್ನಿನ ಮೇಲೆ ಚೀಲವಿರಲಿಲ್ಲ.

ಮ್ಯಾನೇಜರು ನನ್ನನ್ನು ಗುರುತಿಸಿದರು. ನೀನು ಅಂಗಡಿಯವರ ಹೆಂಡತಿ, ಎಲೆ ಕೀಳುವವಳಲ್ಲ, ನಿನಗೇನು ಇಲ್ಲಿ ಕೆಲಸ ಎಂದು ತಮಿಳಿನಲ್ಲಿ ಗದರಿದರು. ಅಲ್ಲಿಯವರೆಗೆ ನಾನು ಯಜಮಾನರ ಎದುರಿಗೂ ದನಿ ಎತ್ತಿದವಳಲ್ಲ.

"ಎಲೆ ಕೀಳೋಳಲ್ಲ ಸಾರ್" ಅಂದೆ ಅವರ ತಮಿಳಿನಲ್ಲೇ. "ಉಚ್ಚೆ ಹುಯ್ಯೋಳು."

ಹೆಂಗಸರಲ್ಲಿ ಒಬ್ಬಳು ಕಿಸಕ್ಕೆಂದಳು. ಆಮೇಲೆ ಎಲ್ಲರೂ. ಎಲೆ ತೂಗುವ ಗುಮಾಸ್ತನೂ ಮುಖ ತಿರುಗಿಸಿಕೊಂಡ. ಕತ್ತಲಾಗುವ ಮೊದಲೇ ಟಾರ್ಪಾಲು ಮತ್ತೆ ಕಟ್ಟಿಯಾಯಿತು. ಮರುವರ್ಷ ತಗಡಿನದು ಬಂತು. ಆಮೇಲೆ ಗೋಡೆಯದು. ಮನೆಗೆ ಬಂದರೆ ಯಜಮಾನರು ಅನ್ನ ತಾವೇ ಇಟ್ಟಿದ್ದರು.

ಡಾಕ್ಟರಮ್ಮನಿಗೆ ಇದನ್ನು ಹೇಳಿದಾಗ ನಾನು ಮ್ಯಾನೇಜರಿಗೆ ಹೇಳಿದ ಮಾತನ್ನು ಎರಡು ಸಲ ಹೇಳಿಸಿಕೊಂಡರು.

ಮರೆಯಿಲ್ಲದೆ ನೀರು ಬಿಟ್ಟದ್ದು, ನೋವಿನ ಮಾತ್ರೆ, ಇವೇ ಈ ಹೆಂಗಸರ ಕಿಡ್ನಿ ಕೆಡಿಸಿದ್ದು ಎಂಬ ಅವರ ಬರಹ ಅಚ್ಚಾಗಲು ಬಹಳ ವರ್ಷ ಹಿಡಿಯಿತು. ಇದು ವೈದ್ಯಕೀಯವಲ್ಲ, ಕಕ್ಕಸಿನ ವಿಷಯ ಎಂದು ಒಂದು ಸಭೆಯಲ್ಲಿ ಯಾರೋ ನಕ್ಕರಂತೆ. ನಿಮ್ಮ ಆಸ್ಪತ್ರೆಯ ಕಕ್ಕಸಿಗೆ ಒಂದು ವಾರ ಬೀಗ ಹಾಕಿ, ಆಮೇಲೆ ಯಾವುದರ ವಿಷಯ ಅಂತ ಮಾತಾಡೋಣ ಎಂದು ಇವರು ಹೇಳಿ ಕೂತರಂತೆ. ಅವರಿಗೆ ಬರಬೇಕಾದ ದೊಡ್ಡ ಹುದ್ದೆ ಬೇರೆಯವರಿಗೆ ಹೋಯಿತು. ಅದನ್ನು ನಮಗೆ ಸಿಸ್ಟರ್ ಹೇಳಿದ್ದು, ಅವರಾಗಿ ಹೇಳಲಿಲ್ಲ. ಅಚ್ಚಾದ ಪುಸ್ತಕ ತಂದು ನಮ್ಮ ಜಗಲಿಯಲ್ಲಿ ಕೂತು ಒಂದು ಕಡೆ ಬೆರಳಿಟ್ಟು ಕನ್ನಡದಲ್ಲಿ ಓದಿ ಹೇಳಿದರು. ಮೊದಲ ಸುತ್ತನ್ನು ಕೈಬಿಡಲಾಯಿತು, ಆ ವಾರ ಹೆಂಗಸರು ವ್ರತದಲ್ಲಿದ್ದರು, ಸಂಶೋಧಕರು ಅವರನ್ನು ಕೇಳಿರಲಿಲ್ಲ ಎಂದು ಬರೆದಿತ್ತು. ಹೆಂಗಸರು ಮೋಸ ಮಾಡಿದರು ಎಂದು ಒಂದಕ್ಷರವಿರಲಿಲ್ಲ.

ತಂಗಿಯ ಕಿಡ್ನಿ ಮತ್ತೆ ಸರಿಹೋಗಲಿಲ್ಲ. ಆದರೆ ಮಾತ್ರೆ ಬಿಟ್ಟು, ನೀರು ಕುಡಿದು, ಬಿಪಿಯ ಔಷಧಿ ತಪ್ಪಿಸದೆ ಹನ್ನೊಂದು ವರ್ಷ ಬದುಕಿದಳು. ಮೆಷಿನ್ನಿಗೆ ಹೋಗಲಿಲ್ಲ. ಇಬ್ಬರು ಹೆಣ್ಣುಮಕ್ಕಳಿಗೂ ಅವಳೇ ಜಡೆ ಹಾಕಿ ಸ್ಕೂಲಿಗೆ ಕಳಿಸಿದಳು, ದೊಡ್ಡವಳ ಮದುವೆಯಲ್ಲಿ ಧಾರೆ ಎರೆದಳು. ಆ ಹನ್ನೊಂದು ವರ್ಷ ಯಾರು ಕೊಟ್ಟರು ಎಂದರೆ ನಾನು ದೇವರು ಅನ್ನುತ್ತೇನೆ. ಡಾಕ್ಟರಮ್ಮ ಇದ್ದಿದ್ದರೆ ಅಲ್ಲ ಅನ್ನುತ್ತಿದ್ದರು. ಈಗ ಜಗಳವಾಡಲು ಅವರಿಲ್ಲ...

ಕೊನೆಗೆ ಮಂಡಿನೋವಿನಿಂದ ಬಸ್ಸು ಹತ್ತಲಾಗದೆ ಬರುವುದು ನಿಂತಿತು. ಯುಗಾದಿಗೆ ಫೋನು ಮಾಡುತ್ತಿದ್ದರು. ಈ ಯುಗಾದಿಗೆ ನಾನೇ ಮಾಡಬೇಕೆಂದುಕೊಂಡು ಹಬ್ಬದ ಗಲಾಟೆಯಲ್ಲಿ ಬಿಟ್ಟುಬಿಟ್ಟೆ. ಇನ್ನು ಆ ನಂಬರಿಗೆ ಮಾಡಿದರೆ ಯಾರು ಎತ್ತುತ್ತಾರೋ.

ಇವತ್ತು ಸಿಸ್ಟರ್ ಫೋನಿನಲ್ಲಿ ಇನ್ನೊಂದು ಮಾತೂ ಹೇಳಿದರು. ಬರುವ ಭಾನುವಾರ ಮೈಸೂರಿನಲ್ಲಿ ಅವರ ನೆನಪಿನ ಸಭೆಯಿದೆಯಂತೆ. ಬೆಟ್ಟದ ಕಡೆಯಿಂದ ಒಬ್ಬರು ಎರಡು ಮಾತಾಡಬೇಕು, ನೀವೇ ಬನ್ನಿ ಅಂದರು. ನಾನು ಬರುತ್ತೇನೆ ಅಂದೆ.

"ಒಂದ್ ಮಾತು ಅಕ್ಕ" ಅಂದರು ಮೆಲ್ಲಗೆ. "ದೊಡ್ಡ ದೊಡ್ಡ ಡಾಕ್ಟ್ರೆಲ್ಲ ಬಂದಿರ್ತಾರೆ. ಆ ಬಾಟ್ಲಿ ವಿಷ್ಯ ಬ್ಯಾಡ. ಅವ್ರ ಕೆಲ್ಸ ಕೆಟ್ಟಿದ್ದು, ನೀವ್ ಮಾಡಿದ್ದು, ಅದೆಲ್ಲ ಯಾಕೆ? ಒಳ್ಳೇವ್ರಿದ್ರು, ಬಡವ್ರ ಬಂಧು ಅಂತ ಹೇಳ್ಬುಟ್ಟು ಕೂತ್ಕಳಿ."

"ಒಳ್ಳೇವ್ರಿದ್ರು ಅಂತ ಅಲ್ಲಿರೋರೆಲ್ಲ ಹೇಳ್ತಾರೆ ಸಿಸ್ಟರ್" ಅಂದೆ. "ನಾನು ಬಾಟ್ಲಿ ವಿಷ್ಯನೇ ಹೇಳದು. ಅದ್ ಬ್ಯಾಡ ಅಂದ್ರೆ ಬ್ಯಾರೆಯೋರ್ನ ಕರ್ಕಳಿ."

ಹಾಗಾದರೆ ಭಾನುವಾರ ಏಳು ಗಂಟೆ ಬಸ್ಸಿಗೆ ಸ್ಟಾಪಿನಲ್ಲಿರಿ ಎಂದು ಹೇಳಿ ಸಿಸ್ಟರ್ ಫೋನು ಇಟ್ಟರು. ದೇವರ ಮುಂದೆ ಒಂದು ಬತ್ತಿ ಹೆಚ್ಚಿಗೆ ಹಚ್ಚಿದೆ. ಡಾಕ್ಟರಮ್ಮನಿಗೆ ನಂಬಿಕೆ ಇರಲಿಲ್ಲ, ಇರಲಿ, ನನಗಿದೆ. ಅಷ್ಟರಲ್ಲಿ ಪಂಚಾಯಿತಿ ನಲ್ಲಿಯಲ್ಲಿ ನೀರು ಬಂತೆಂದು ಪಕ್ಕದ ಮನೆಯವಳು ಕೂಗಿದಳು. ಎರಡು ಕೊಡ ತೊಳೆದು ಎತ್ತಿಕೊಂಡು ಹೊರಟೆ.